ಹೊತ್ತು ತಪ್ಪದ ಬಿಳಿಯಾನೆ

ಬಹಳ ಹಿಂದೆ ಹೊಳೆಯಾಚೆ ಒಂದು ರಾಜ್ಯವಿತ್ತು. ಅಲ್ಲಿನ ರಾಜನಿಗೆ ಇಬ್ಬರು ರಾಣಿಯರು. ಹಿರಿಯವಳು ಮಲ್ಲಾಜಿ, ಕಿರಿಯವಳು ಹೊನ್ನಾಂಬೆ. ದಿನಾ ದೀಪ ಹಚ್ಚುವ ಹೊತ್ತಿಗೆ ಕಾಡಿನಿಂದ ಒಂದು ಬಿಳಿಯಾನೆ ಬಂದು ಹೊನ್ನಾಂಬೆಯ ಕೈಯಿಂದ ರಾಗಿಮುದ್ದೆ ತಿಂದು ಹೋಗುತ್ತಿತ್ತು. ಯಾರೂ ಕರೆಯಬೇಕಿರಲಿಲ್ಲ.

ಮಲ್ಲಾಜಿ ಕಿಟಕಿಯಲ್ಲಿ ನಿಂತು ನೋಡುವಳು. ನನ್ನನ್ನು ನೆನೆದು ಹೊತ್ತಿಗೆ ಸರಿಯಾಗಿ ಬರುವ ಜೀವ ಒಂದೂ ಇಲ್ಲವಲ್ಲ ಎಂದು ಅವಳ ಹೊಟ್ಟೆ ಉರಿಯುವುದು. ರಾಜನೋ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹೊಟ್ಟೆಕಿಚ್ಚಿಗೆ ಮದ್ದುಂಟೇ? ಅವಳು ಮಾಟಗಾರ ಜಡೆಮಾರನನ್ನು ಕರೆಸಿದಳು.

"ಆ ಆನೆಗೆ ಹೊತ್ತೇ ಮರೆತುಹೋಗಬೇಕು," ಎಂದಳು.

"ಅದೇನು ಮಹಾ, ತಾಯಿ," ಎಂದ ಜಡೆಮಾರ.

ಮೊದಲು ಮಂತ್ರದಂಡ ಬೀಸಿ ಸೂರ್ಯನನ್ನು ಮುಚ್ಚಿದ. ಬೆಳಗು ಬೈಗು ತಿಳಿಯದೆ ಜನ ತಡಕಾಡಿದರು. ಆನೆ ಮಾತ್ರ ತನ್ನ ಹೊತ್ತಿಗೆ ಬಂತು. ಆಮೇಲೆ ಸೂರ್ಯನನ್ನು ಬಿಟ್ಟು, ನಡುಮಧ್ಯಾಹ್ನವೇ ಸಂಜೆಯ ನಗಾರಿ ಬಾರಿಸಿದ. ದಾಸಿಯರು ದೀಪ ಹಚ್ಚಿ ನಗೆಪಾಟಲಾದರು. ಆನೆ ಮೋಸಹೋಗಲಿಲ್ಲ. ಮೂರನೆಯ ಸಲ ಹೊನ್ನಾಂಬೆಯನ್ನೇ ಕಲ್ಲು ಮಾಡಿಬಿಟ್ಟ.

ಸಂಜೆಗೆ ಆನೆ ಬಂತು. ಮಲ್ಲಾಜಿ ಮುದ್ದೆ ಚಾಚಿದರೆ ಮೂಸಿಯೂ ನೋಡಲಿಲ್ಲ. ಕಲ್ಲಿನ ಪಕ್ಕ ನಿಂತು ಕಣ್ಣೀರು ಸುರಿಸಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಕಲ್ಲಾದ ಮೇಲೂ ಅವಳೇ ಬೇಕಲ್ಲ ಇದಕ್ಕೆ ಎಂದು ಮಲ್ಲಾಜಿಗೆ ಮೊದಲು ಇನ್ನಷ್ಟು ಉರಿಯಿತು. ಆನೆ ಸೊರಗುವುದನ್ನು ಕಂಡು ಆಮೇಲೆ ನಾಚಿಕೆಯಾಯಿತು.

"ಸಾಕು, ಅವಳನ್ನು ಬಿಡು," ಎಂದಳು.

"ಬಾಯಿ ಮುಚ್ಚು. ನಿನ್ನನ್ನೂ ಪಕ್ಕದಲ್ಲೇ ನಿಲ್ಲಿಸಿಯೇನು," ಎಂದ ಜಡೆಮಾರ.

ಅವನು ದಿನಾ ದೀಪ ಹಚ್ಚಿದ ಮೇಲೆ ಅರಮನೆಯ ಜಗಲಿಯಲ್ಲಿ ಉಣ್ಣಲು ಕೂರುವನು. ಎಂಜಲು ಕೈ ತಾಗಿದರೆ ದಂಡದ ಶಕ್ತಿ ಹೋಗುತ್ತದೆಂದು ಅದನ್ನು ದೂರ ಇಡುವನು. ಕಲ್ಲಿನ ಬಳಿ ನಿಂತ ಆನೆ ಆ ಹೊತ್ತನ್ನೂ ಕಲಿತುಕೊಂಡಿತ್ತು. ಅದು ದಂಡದ ಕಡೆಗೇ ನೋಡುವುದು ಮಲ್ಲಾಜಿಯ ಕಣ್ಣಿಗೆ ಬಿತ್ತು. ಅಂದು ಅವಳೇ ಬಡಿಸಲು ನಿಂತು, ಬೇಕೆಂದೇ ಎಲೆ ತುಂಬ ಸಾರು ಸುರಿದಳು. ಅವನು ಎರಡೂ ಕೈಯಿಂದ ಅನ್ನಕ್ಕೆ ಕಟ್ಟೆ ಕಟ್ಟುತ್ತಿರುವಾಗ ಆನೆ ಬಂದು ದಂಡವನ್ನು ತುಳಿದು ಮುರಿಯಿತು. ಜಡೆಮಾರ ಕೂತಲ್ಲೇ ಹೊಗೆಯಾಗಿ ಹೋದ. ಕಲ್ಲು ಹೊನ್ನಾಂಬೆಯಾಯಿತು.

ಮಲ್ಲಾಜಿ ನಡೆದದ್ದನ್ನೆಲ್ಲ ಹೇಳಿ ಅತ್ತಳು. ಹೊನ್ನಾಂಬೆ ಎಷ್ಟೋ ದಿನ ಅವಳನ್ನು ಹತ್ತಿರ ಸೇರಿಸಲಿಲ್ಲ. ಕೊನೆಗೊಮ್ಮೆ, "ಅಕ್ಕಾ, ಸಂಜೆ ನನ್ನದು, ಕೊಡಲಾರೆ. ಬೆಳಗು ಖಾಲಿ ಇದೆಯಲ್ಲ, ಆ ಹೊತ್ತಿಗೆ ಬರುವುದನ್ನು ಆನೆಗೆ ನೀನೇ ಕಲಿಸಿಕೋ," ಎಂದಳು.

ಮಲ್ಲಾಜಿ ದಿನಾ ಬೆಳಗ್ಗೆ ಮುದ್ದೆ ಹಿಡಿದು ಕಾಡಂಚಿಗೆ ಹೋದಳು. ಮೊದಮೊದಲು ಆನೆಯ ಸುಳಿವೇ ಇಲ್ಲ. ಆಮೇಲೆ ಬಂದು ತಿಂದಿತು. ಒಂದು ದಿನ ಅವಳಿಗೆ ಜ್ವರ ಬಂದು ಏಳುವುದು ತಡವಾಯಿತು. ಗಾಬರಿಯಿಂದ ಬಾಗಿಲು ತೆಗೆದರೆ, ಆನೆ ಹೊಸ್ತಿಲವರೆಗೂ ಬಂದು ಅವಳಿಗಾಗಿ ಕಾಯುತ್ತ ನಿಂತಿತ್ತು.

ಆ ಅರಮನೆಯಲ್ಲಿ ಮತ್ತೆ ಯಾರ ಹೊಟ್ಟೆಯೂ ಉರಿಯಲಿಲ್ಲ. ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು.