ಮೀನು ಮುಟ್ಟದ ಮನೆಯ ಕಾರು

"ನಮ್ಮ ಮನೆಯ ಹೊಸ್ತಿಲು ದಾಟಿ ಇವತ್ತಿನವರೆಗೆ ಮೀನು ಬಂದದ್ದಿಲ್ಲ, ಗುಣವತಿಯಕ್ಕ. ಕಾರಿನ ಡಿಕ್ಕಿಯೊಳಗೆ ಎಲ್ಲಿಂದ ಬರ್ತದೆ?"

ಅಂಬಲಪಾಡಿಯ ತಾರಾನಾಥ ಭಟ್ಟರು ಅಳುವುದೊಂದು ಬಾಕಿ ಇತ್ತು. ಮಣಿಪಾಲದ ಗುಣವತಿ ವಿಮಾ ಕಂಪನಿಯಲ್ಲಿ ಅಪಘಾತಗಳ ತನಿಖೆ ಮಾಡಿ ನಿವೃತ್ತರಾದವರು. ಊರಿನ ಬಿಡಿಸಲಾರದ ಕಗ್ಗಂಟುಗಳೆಲ್ಲ ಅವರ ಜಗಲಿಗೇ ಬರುತ್ತಿದ್ದವು. ಪಕ್ಕದ ಮನೆಯ ಆಲ್ಫೋನ್ಸ್ ಅವರಿಗೆ ಬಲಗೈ, ಸಾರಥಿ ಎರಡೂ ಆಗಿದ್ದ. ಕರೆಯದಿದ್ದರೂ ಬಂದು ಕೂರುವುದು ಅವನ ಜಾಯಮಾನ.

ಭಟ್ಟರ ಮಗ ವಿನೀತ್ ಕಾಪುವಿನಲ್ಲಿ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯದೆ, ರಸ್ತೆ ದಾಟುತ್ತಿದ್ದ ಕುಶಲಾ ಎಂಬ ಹೆಂಗಸಿಗೆ ಕಾರು ಗುದ್ದಿದ್ದ. ಆಕೆ ಇನ್ನೂ ಆಸ್ಪತ್ರೆಯಲ್ಲಿದ್ದರು. ಹಿಂದಿನ ಬ್ರೇಕ್ ಪೈಪು ತುಕ್ಕು ಹಿಡಿದು ತೂತಾಗಿತ್ತು. ಕಾರಿನ ತಪ್ಪೇ ಎಂದು ಎಲ್ಲರೂ ನಂಬಿರುವಾಗ ಶೋರೂಮಿನ ಸರ್ವಿಸ್ ಮ್ಯಾನೇಜರ್ ಉಜ್ವಲ್ ಬೇರೆಯೇ ರಾಗ ತೆಗೆದಿದ್ದ. ಡಿಕ್ಕಿಯಲ್ಲಿ ಮೀನು ಸಾಗಿಸಿ, ಉಪ್ಪುನೀರು ಸೋರಿ ಪೈಪು ಕೊಳೆತಿದೆಯಂತೆ.

"ನಾಳೆ ಕಂಪನಿಯ ಇಂಜಿನಿಯರ್ ಬರ್ತಾರೆ. ಅವರೂ ಹಾಗೆಯೇ ಹೇಳಿದರೆ ಮಗನಿಗೆ ಜೈಲೇ ಗತಿ" ಎಂದರು ಭಟ್ಟರು. "ಉಚ್ಚಿಲದ ಎರಡು ಕಾರುಗಳಲ್ಲೂ ಹೀಗೇ ಆಗಿತ್ತಂತೆ. ಅವರು ಮೀನಿನ ವ್ಯಾಪಾರದವರು. ನಮ್ಮನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದಾನೆ!"

ಗುಣವತಿ ತಟ್ಟನೆ ತಲೆ ಎತ್ತಿದರು. "ಎರಡು ಕಾರು? ಒಂದೇ ಪೈಪು? ಆಲ್ಫೋನ್ಸ್, ಹೊರಡುವ."

ಕಾಪುವಿನಲ್ಲಿ ಕಾರನ್ನಿಟ್ಟಿದ್ದ ಗ್ಯಾರೇಜಿನ ಮಾಲೀಕ ಕಾರ್ಲ್ಟನ್ ಕೋಲು ಹಿಡಿದು ಬೆಕ್ಕುಗಳನ್ನು ಅಟ್ಟುತ್ತಿದ್ದ. "ಎಂತ ಕಾಟ ಮಾರಾಯ್ರೆ! ಅಡುಗೆಮನೆ ಬಾಗಿಲಲ್ಲಿ ಬಿದ್ದುಕೊಂಡಿದ್ದ ಬೆಕ್ಕುಗಳು. ನಿನ್ನೆಯಿಂದ ಈ ಕಾರು ಬಿಟ್ಟು ಏಳುವುದಿಲ್ಲ."

"ಕಾರು ಬಂದು ಎಷ್ಟು ಸಮಯ ಆಯ್ತು?"

"ವಾರ ದಾಟಿತು. ಪೊಲೀಸರು ಆವತ್ತೇ ನೋಡಿ ಹೋದರು. ಮತ್ತೆ ನಿನ್ನೆ ಉಜ್ವಲ್ ಒಬ್ಬರೇ ಬಂದದ್ದು. ನಾನು ಚಾ ತರಲು ಹೋಗಿದ್ದೆ."

ಡಿಕ್ಕಿಯ ಹಾಸು ಒದ್ದೆಯಾಗಿತ್ತು, ಅದರ ಮೇಲೆ ಬೂತಾಯಿ ಮೀನಿನ ಹುರುಪೆಗಳು ಮಿನುಗುತ್ತಿದ್ದವು. ಆಲ್ಫೋನ್ಸ್ ಮೂಗು ಮುಚ್ಚಿಕೊಂಡ. ಅಷ್ಟರಲ್ಲಿ ಉಜ್ವಲನೇ ಬಂದ, ಮಳೆಯಲ್ಲಿ ತೊಯ್ದು, ಸ್ಕೂಟರಿನಲ್ಲಿ.

"ನಿಮ್ಮದೂ ಇದೇ ಮಾದರಿಯ ಕಾರಲ್ವಾ? ಶೋರೂಮಿನಲ್ಲಿ ನೋಡಿದ್ದೆ. ಈ ಮಳೆಗೆ ಸ್ಕೂಟರ್ ಯಾಕೆ?" ಎಂದರು ಗುಣವತಿ.

"ಟ್ರಾಫಿಕ್ಕಿಗೆ ಸ್ಕೂಟರೇ ಸುಲಭ, ಅಕ್ಕ."

ಗುಣವತಿ ಆಲ್ಫೋನ್ಸನ ಕಿವಿಯ ಹತ್ತಿರ ಬಾಗಿದರು. "ನಿನ್ನ ಕಾರು ಇಲ್ಲೇ ಇರಲಿ. ಬಸ್ಸಿನಲ್ಲಿ ಹೋಗುವ."

ಆಲ್ಫೋನ್ಸ್ ತನ್ನ ಕಾರಿನತ್ತ ತಿರುಗಿ ನೋಡಿದ. ಅವನದೂ ಅದೇ ಮಾದರಿ! ಈಗಷ್ಟೇ ಮಣಿಪಾಲದ ಇಳಿಜಾರನ್ನು ಹಾಡು ಗುನುಗುತ್ತ ಇಳಿದು ಬಂದಿದ್ದ. ಅಯ್ಯೋ ದೇವರೇ, ಎಂದುಕೊಂಡ. ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ.

ಮರುದಿನ ಗ್ಯಾರೇಜಿನಲ್ಲಿ ಎಲ್ಲರೂ ಸೇರಿದರು. ವಿನೀತನ ಮುಖ ಬಿಳಿಚಿಕೊಂಡಿತ್ತು. ಕಂಪನಿಯ ಇಂಜಿನಿಯರ್ ರಿತೇಶ್ ಗಂಭೀರವಾಗಿ ನಿಂತಿದ್ದ.

"ಮಾರಿದ ಕಾರುಗಳನ್ನು ಕಂಪನಿ ವಾಪಸ್ ಕರೆಯುವುದು ಯಾವಾಗ, ಒಮ್ಮೆ ಹೇಳಿ" ಎಂದರು ಗುಣವತಿ.

"ಒಂದು ಕಾರು ಕೆಟ್ಟರೆ ರಿಪೇರಿ, ಮೇಡಂ. ಒಂದೇ ಭಾಗ ಹಲವು ಕಾರುಗಳಲ್ಲಿ ಒಂದೇ ರೀತಿ ಕೆಟ್ಟು, ಜೀವಕ್ಕೆ ಅಪಾಯ ಇದ್ದರೆ ಎಲ್ಲವನ್ನೂ ಕರೆಯಲೇಬೇಕು. ಆದರೆ ಬಳಸಿದವರ ತಪ್ಪಾದರೆ ಅದು ಲೆಕ್ಕಕ್ಕೆ ಬರುವುದಿಲ್ಲ."

"ಉಚ್ಚಿಲದ ಎರಡು ಕಾರು ಹಾಗೆಯೇ ಲೆಕ್ಕ ತಪ್ಪಿದವು. ಮೀನು, ಮೀನು ಎಂದು ವರದಿ ಹೋಯಿತು. ಬರೆದವರು ಉಜ್ವಲ್. ಮೂರನೆಯದು ಮೀನು ಮುಟ್ಟದ ಮನೆಯ ಕಾರು. ಅದೂ ಕೆಟ್ಟಿತು ಎಂದರೆ ತಪ್ಪು ಮೀನಿನದ್ದಲ್ಲ, ಕಡಲ ಗಾಳಿಗೆ ಬಾಳದ ಪೈಪಿನದ್ದು. ಹಾಗಾಗಿ ಇದನ್ನೂ ಮೀನಿನ ಕಾರು ಮಾಡಬೇಕಾಯಿತು. ಹಳೆಯ ಮೀನುನೀರಾಗಿದ್ದರೆ ಬೆಕ್ಕುಗಳು ಮೊದಲ ದಿನವೇ ಮುತ್ತಬೇಕಿತ್ತು. ಅವು ಬಂದದ್ದು ಉಜ್ವಲ್ ಬಂದುಹೋದ ಮೇಲೆ."

"ಬೆಕ್ಕಿನ ಸಾಕ್ಷಿಯಾ?" ಉಜ್ವಲ್ ನಗಲು ನೋಡಿದ.

ಗುಣವತಿ ಆಲ್ಫೋನ್ಸನ ಕಾರಿನ ಕೀ ಮುಂದೆ ಹಿಡಿದರು. "ಇದರ ಡಿಕ್ಕಿಯಲ್ಲಿ ಮೀನು ಇಟ್ಟದ್ದೇ ಇಲ್ಲ. ನಾತ ಬರ್ತದೆ ಎಂದು ಇವನ ಹೆಂಡತಿ ಜೋಸ್ಲಿನ್ ಬಿಡುವುದಿಲ್ಲ. ನಿಮ್ಮ ಮಾತಿನಂತೆ ಅಪಾಯ ಇಲ್ಲ. ಉಚ್ಚಿಲದವರೆಗೆ ಓಡಿಸಿ, ನಾನೂ ಕೂರುತ್ತೇನೆ."

ಉಜ್ವಲ್ ಕೈ ಚಾಚಿದ. ಬೆರಳು ಕೀಗೆ ತಾಗಿದ್ದೇ ತಡ, ಕೈ ಹಿಂದೆ ಸರಿಯಿತು. ಹೆದ್ದಾರಿಯಲ್ಲಿ ಲಾರಿಯೊಂದು ಹಾದುಹೋಯಿತು.

"ಬೇಡ, ಅಕ್ಕ. ಆ ಕಾರು ಬೇಡ." ಉಜ್ವಲ್ ಕೈಗಳನ್ನು ಜೇಬಿಗೆ ತುರುಕಿದ. "ನನ್ನದರ ಪೈಪು ನೋಡಿ ಹೆದರಿ ಸ್ಕೂಟರ್ ಹಿಡಿದೆ. ನನ್ನ ವರದಿ ಸುಳ್ಳಾದರೆ ಕೆಲಸ ಹೋಗ್ತದೆ ಅಂತ..."

ಭಟ್ಟರು ಮಗನನ್ನು ಬಾಚಿ ತಬ್ಬಿಕೊಂಡರು. ಈ ಸಲ ಅಳುವುದು ಬಾಕಿ ಉಳಿಯಲಿಲ್ಲ. ರಿತೇಶ್ ಆಗಲೇ ಫೋನು ಕಿವಿಗಿಟ್ಟಿದ್ದ. "ರಿಪೇರಿ ಅಲ್ಲ, ಸರ್. ಕರಾವಳಿಯಲ್ಲಿರುವ ಈ ಮಾದರಿಯ ಕಾರುಗಳನ್ನೆಲ್ಲ ವಾಪಸ್ ಕರೆಯಬೇಕು. ಇವತ್ತೇ."

ಕಾರ್ಲ್ಟನ್ ಆಲ್ಫೋನ್ಸನ ಕಾರನ್ನು ಜಾಕಿನ ಮೇಲೆತ್ತಿ ಪೈಪನ್ನು ಬೆರಳಿನಿಂದ ಒತ್ತಿದ. ತುಕ್ಕು ಪುಡಿಪುಡಿಯಾಗಿ ಉದುರಿತು.

ಆಲ್ಫೋನ್ಸ್ ಉಜ್ವಲನ ಎದುರು ಹೋಗಿ ನಿಂತ. "ಹೋದ ತಿಂಗಳು ಸರ್ವಿಸ್ ಮಾಡಿ, 'ಧೈರ್ಯದಲ್ಲಿ ಓಡಿಸಿ, ಆಲ್ಫೋನ್ಸಣ್ಣ' ಎಂದು ಕೀ ಕೊಟ್ಟಿರಲ್ಲ. ಆಗ ನಿಮಗೆ ಗೊತ್ತಿತ್ತಾ?"

ಉಜ್ವಲ್ ತಲೆ ತಗ್ಗಿಸಿದ. ಆಲ್ಫೋನ್ಸ್ ಗೋಡೆಗೆ ಒರಗಿ ಮನೆಗೆ ಫೋನ್ ಮಾಡಿದ.

"ಜೋಸ್ಲಿನ್, ಮೊಮ್ಮಗಳನ್ನು ಶಾಲೆಯಿಂದ ತರಲು ಇವತ್ತು ರಿಕ್ಷಾ ಮಾಡು. ಎಂತ ಇಲ್ಲ, ನಾನು ಸರಿ ಇದ್ದೇನೆ. ದಿನಾ ಅವಳನ್ನು ಈ ಕಾರಿನಲ್ಲೇ ಕೂರಿಸಿಕೊಂಡು ಬರ್ತಿದ್ದೆನಲ್ಲ... ಮನೆಗೆ ಬಂದು ಹೇಳ್ತೇನೆ."