ಹಸಿ ಪುಂಡಿ ಹಗ್ಗ

"ರೀ, ಇಳೀರಿ ಕೆಳಗ! ಗಿಡಕ್ಕ ಮೊಳಿ ಹೊಡೀಬ್ಯಾಡ್ರಿ!"

ಗಬ್ಬೂರಿನ ಶಾಲೆಯ ಬೇವಿನ ಮರದ ಮೇಲೆ ಯಂಕಣ್ಣನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಕೆಳಗೆ ಹೊಸ ಟೀಚರ್ ಜಂಬಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

ಅದು ೧೯೮೪. ರಸ್ತೆ ಅಗಲ ಮಾಡಲು ಪೊಟರೆಗಳಿದ್ದ ಹಳೆಯ ಮರಗಳನ್ನು ಕಡಿದಿದ್ದರು. ಗೊರವಂಕಗಳಿಗೆ ಗೂಡಿಲ್ಲವೆಂದು ಹೆಡ್‌ಮಾಸ್ತರರು ದೇವದುರ್ಗದ ಬಡಿಗ ಯಂಕಣ್ಣನಿಂದ ಕಟ್ಟಿಗೆಯ ಡಬ್ಬಿ ಮಾಡಿಸಿದ್ದರು.

"ತಂತಿ ಕಟ್ಟಲೇನ್ರಿ?"

"ಗಿಡ ದಪ್ಪ ಆದಂಗ ತಂತಿ ತೊಗಟಿ ಕೊಯ್ಯತದ. ನಮ್ಮನ್ಯಾಗ ಪುಂಡಿ ನಾರಿನ ಹಗ್ಗ ಹೊಸೀತೀವಿ. ಹರಿದು ಬಿದ್ರೂ ಮಣ್ಣಾಗತದ. ನಾಳಿ ತರ್ತೀನಿ."

"ಟೀಚರ್ ಹೊಸೆದ ಹಗ್ಗ! ತಪ್ಪು ಕಟ್ಟಿದ್ರ ಬೆಂಚಿನ ಮ್ಯಾಲ ನಿಂದರಸ್ತೀರೇನು?"

ಅವಳು ನಗಲಿಲ್ಲ. ಗೇಟು ದಾಟಿದ ಮೇಲೆ ನಕ್ಕಳು.

ಮರುದಿನ ಅವಳು ತಂದ ಹಗ್ಗ ಇನ್ನೂ ಹಸಿಯಾಗಿತ್ತು. ಒಣಗಿಸಬೇಕಿತ್ತು... ಅಷ್ಟರಲ್ಲಿ ಅವನು ಹೊರಟುಹೋದರೆ? ಸುಮ್ಮನೆ ಕೊಟ್ಟಳು. ಅವನೂ ಸುಮ್ಮನೆ ಕಟ್ಟಿದ.

ಕೆಲವೇ ದಿನಗಳಲ್ಲಿ ಹಗ್ಗ ಒಣಗಿ ಸಡಿಲಾಯಿತು. ಡಬ್ಬಿ ಜಾರಿ ಬಿದ್ದು ಒಡೆಯಿತು. ಆಗಷ್ಟೇ ಹುಲ್ಲು ತಂದಿಟ್ಟಿದ್ದ ಗೊರವಂಕಗಳು ಹಾರಿಹೋದವು. ಯಂಕಣ್ಣ ಬಂದು, ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು, ಅವಳತ್ತ ನೋಡದೆ ಹೋದ. ಮತ್ತೆ ಬರಲಿಲ್ಲ.

'ನನ್ನ ಮ್ಯಾಲ ಸಿಟ್ಟಾಗ್ಯಾನ... ತಪ್ಪು ನಂದೇ ಅಲ್ಲೇನು?'

ಮಾನ್ವಿಯ ವರನ ಕಡೆಯವರು ಸೋಮವಾರ ಬರುತ್ತಾರೆಂದು ಅವ್ವ ಹೇಳಿದಳು. ಜಂಬಮ್ಮ ಶನಿವಾರವೇ ದೇವದುರ್ಗದ ಬಸ್ಸು ಹತ್ತಿದಳು. ಚೀಲದಲ್ಲಿ ಚೆನ್ನಾಗಿ ಒಣಗಿದ ಹಗ್ಗವಿತ್ತು.

ಯಂಕಣ್ಣನ ಅಂಗಡಿಯಲ್ಲಿ ಹೊಸ ಡಬ್ಬಿಯೊಂದು ಸಿದ್ಧವಾಗಿ ಕುಳಿತಿತ್ತು.

"ತಪ್ಪು ನಂದ್ರಿ," ಎಂದಳು. "ಹಸಿ ಅದ ಅಂತ ಗೊತ್ತಿದ್ದೂ ಕೊಟ್ಟೆ."

"ನನಗೂ ಗೊತ್ತಿತ್ರಿ. ಮುಟ್ಟಿದ್ರ ತಿಳಿಯಲ್ಲೇನು?"

"ಮತ್ತ ನಾಳಿ ಕಟ್ತೀನಿ ಅನಬಾರದಿತ್ತೇನು?"

"ನೀವು ಬುಡಕ್ಕ ನಿಂತು ನೋಡಾಕತ್ತಿದ್ರಿ... ಕೆಲಸ ನಿಲ್ಲಸಾಕ ಮನಸಾಗಲಿಲ್ಲ. ಆಮ್ಯಾಲ ನಿಮಗ ಮಾರಿ ತೋರಸಾಕ ನಾಚಿಕಿ ಬಂತು."

ಇಷ್ಟೇನಾ! ಇಷ್ಟಕ್ಕೇನಾ ಇವನು ಬಾರದಿದ್ದುದು! ಅವಳಿಗೆ ಅಳು, ನಗು ಒಟ್ಟಿಗೇ ಬಂದವು.

"ಸೋಮವಾರ ಮಾನ್ವಿಯವರು ನನ್ನ ನೋಡಾಕ ಬರ್ತಾರ."

ಯಂಕಣ್ಣ ಉಳಿಯನ್ನು ಕೆಳಗಿಟ್ಟ.

"ನಾಳಿ ಐತವಾರ... ನಮ್ಮವ್ವನ್ನ ಕರಕೊಂಡು ನಿಮ್ಮನಿಗಿ ಬರಲೇನ್ರಿ?"

"ಬರ್ರಿ. ಡಬ್ಬೀನೂ ತರ್ರಿ. ಆದ್ರ ಈ ಹಗ್ಗ ಒಂದ ವರ್ಷ ಬಾಳತದ ನೋಡ್ರಿ."

"ವರ್ಷಾ ವರ್ಷಾ ಬಿಚ್ಚಿ ಕಟ್ಟಿದ್ರಾತು. ನಾ ಗಿಡ ಏರ್ತೀನಿ. ನೀವು ಹಗ್ಗ ಹೊಸೆದು ಕೊಡ್ರಿ."

"ಕೊಡ್ತೀನಿ..." ಜಂಬಮ್ಮ ತಲೆ ತಗ್ಗಿಸಿ ನಕ್ಕಳು. "ಒಣಗಿಸೇ ಕೊಡ್ತೀನಿ."