ನೋವಿಲ್ಲದ ಕಾಲು

"ಮೊದಲು ನೋವಿಲ್ಲದ ಕಾಲು ಕೊಡಮ್ಮ," ಅಂದ ಡಾಕ್ಟರ್ ಸೂರಪ್ಪ.

ಎದುರಿಗೆ ರೀ ಹಚ್ಚಿಯೇ ಮಾತಾಡುತ್ತಿದ್ದೆ. ಈಗ ಹೇಳುವಾಗ ಆ ಮರ್ಯಾದೆ ಕೊಡಲು ಮನಸ್ಸಿಲ್ಲ.

ರಾಯದುರ್ಗದ ಕೋಟೆ ಮೆಟ್ಟಿಲಲ್ಲಿ ಜಾರಿ, ಎಡಗಾಲು ಊದಿಸಿಕೊಂಡು, ಆ ಕಾಲಿನ ಬೆಳ್ಳಿ ಕಡಗವನ್ನು ಸೋಪು ಹಚ್ಚಿ ಬಿಡಿಸಿಕೊಂಡು ಆಸ್ಪತ್ರೆಗೆ ಬಂದಿದ್ದೆ. ಈತ ಬಲಗಾಲು ಕೇಳುತ್ತಾನೆ! ಮದ್ರಾಸಿನಲ್ಲಿ ಓದಿದವರಿಗೆ ಎಡ ಬಲ ತಿಳಿಯದೇನೋ ಎಂದು ನಗು ಬಂತು.

"ನೋವಿರೋದು ಈ ಕಾಲಿಗ್ರಿ."

"ಗೊತ್ತು ಕಣಮ್ಮ. ಚೆನ್ನಾಗಿರೋದು ಹೆಂಗೈತೆ ಅಂತ ತಿಳಿದ್ರೆ ತಾನೆ ಕೆಟ್ಟಿರೋದು ಗೊತ್ತಾಗೋದು?"

ಅವನದು ಮಡಕಶಿರದ ಕಡೆಯ ಮಾತು, ಕೇಳಲು ಹಿತವಾಗಿತ್ತು. ಜೊತೆಗೆ ಬಂದ ಸೋದರತ್ತೆ ಬೊಮ್ಮಕ್ಕ ಬಾಗಿಲ ಬಳಿ ಯಾರೊಂದಿಗೋ ಹರಟೆಗೆ ಕೂತಿದ್ದಳು. ಸೂರಪ್ಪ ಹೆಬ್ಬೆರಳಿನಿಂದ ಪಾದದ ಗಂಟಿನಲ್ಲಿ ಹೊರಗಿನ ಹರಡಿನ ಮೂಳೆ ಒತ್ತಿದ, ಅದರ ಹಿಂದೆ ಒತ್ತಿದ, ಕಿರುಬೆರಳಿನ ಬುಡದವರೆಗೂ ಒತ್ತುತ್ತಾ ಹೋದ. ಮೂಳೆಯ ಕೆಳಗೆ ಒತ್ತಿದಾಗ ಚೀರಿದೆ.

"ಮೂಳೆ ಮುರಿದಿಲ್ಲ. ಮೂಳೆಗೆ ಮೂಳೆ ಕಟ್ಟಿರೋ ನಾರು ಹರಿದೈತೆ."

ಆಮೇಲೆ ಪಾದದ ಮೇಲೆ ಎರಡು ಬೆರಳಿಟ್ಟು ಅತ್ತಿತ್ತ ಸರಿಸಿದ.

"ಏನ್ ಹುಡುಕ್ತೀರ್ರಿ?"

"ನಾಡಿ."

"ನಾಡಿ ಕೈಯಾಗಲ್ಲೇನ್ರಿ ಇರೋದು?"

"ಪಾದದಾಗೂ ಐತೆ. ನಿಂದು ಓಡ್ತಾ ಐತಲ್ಲ, ಯಾಕೆ?"

"ಯಾಕಂತ ಡಾಕ್ಟ್ರಿಗೆ ಗೊತ್ತಿರಬೇಕು."

ಅವನ ಕಿವಿ ಕೆಂಪಾಯಿತು. ಅದನ್ನು ನೋಡಿಯೇ ನಾನು ಕೆಟ್ಟೆ.

ಪಟ್ಟಿ ಬದಲಿಸುವ ನೆಪದಲ್ಲಿ ಹೋಗುತ್ತಲೇ ಇದ್ದೆ. ಊತ ಇಳಿದ ಮೇಲೆ ಒಮ್ಮೆ, ಪಾದ ನೆನೆಸಿ ಕಲ್ಲು ಹಾಸಿನ ಮೇಲೆ ಹೆಜ್ಜೆ ಊರಿಸಿದ. ಒದ್ದೆ ಗುರುತನ್ನು ಬಾಗಿ ನೋಡಿದ.

"ಒಳಗಡೆ ಕಮಾನು ಚೆನ್ನಾಗೈತೆ. ಆದ್ರೆ ಎರಡನೇ ಬೆರಳು ಉದ್ದ. ಗಂಡನ್ನ ಆಳ್ತೀಯ ನೀನು."

"ಆಳಿಸ್ಕೊಳ್ಳೋಕ ತಯಾರಿದ್ದೀರೇನ್ರಿ?"

"ಇದ್ದೀನಿ," ಅಂದ.

ಅಂದ, ಖಂಡಿತ ಅಂದ. ಗುರುತು ಆರುವವರೆಗೂ ಇಬ್ಬರೂ ಅದನ್ನೇ ನೋಡುತ್ತಾ ನಿಂತಿದ್ದೆವು.

ಅಷ್ಟರಲ್ಲಿ ನೇಮಕಲ್ಲಿನಿಂದ ಸಂಬಂಧ ಬಂತು. ಓಡಿಹೋಗಿ ಅವನಿಗೆ ಹೇಳಿದೆ. "ಕುಂಟು ಉಳೀತೈತಿ ಅಂದುಬಿಡ್ರಿ. ಅವರು ಎದ್ದು ಹೋಗ್ತಾರ."

"ಕುಂಟಿ ಅಂತ ಹೆಸ್ರು ಬಂದ್ರೆ ನಮ್ಮವ್ವ ನಿನ್ನ ಒಪ್ಪಾಳೇನೆ?"

"ಹಂಗಾದ್ರ ಅವರಿಗಿಂತ ಮೊದ್ಲು ನೀವ ಬರ್ರಿ. ಒಂದ ಜಾತಿ, ಅಪ್ಪ ಯಾಕ ಬ್ಯಾಡ ಅಂತಾನ?"

"ಬರ್ತೀನಿ, ಹೋಗು."

ಗಂಡಿನ ಕಡೆಯವರು ಬಂದ ದಿನ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಅವನು ನಮ್ಮ ಹೊಸ್ತಿಲು ದಾಟಿದ. ತಡವಾದರೂ ಬಂದನಲ್ಲ ಎಂದು ನನ್ನ ಎದೆ ಹಿಗ್ಗಿತು.

"ನಾನ ಕರೆಸೀನ್ರಿ," ಅಂದ ಅಪ್ಪ ಜಂಬಯ್ಯ, ಬಂದವರಿಗೆ. "ಹುಡುಗಿ ಜಾರಿ ಬಿದ್ದದ್ದು ನಿಮ್ಮ ಕಿವಿಗೂ ಬಿದ್ದಿರ್ತೈತಿ. ಡಾಕ್ಟ್ರ ಬಾಯಿಂದಾನ ಕೇಳ್ರಿ."

ಎಲ್ಲರ ಮುಂದೆ ಅವನು ಮಂಡಿಯೂರಿದ. ಮೊದಲು ಬಲಗಾಲು, ಆಮೇಲೆ ಎಡಗಾಲು. ತುದಿಗಾಲಲ್ಲಿ ನಿಲ್ಲಿಸಿದ. ಎಡಗಾಲೊಂದರ ಮೇಲೆ ನಿಲ್ಲಿಸಿದ. ಹರಡಿನ ಕೆಳಗೆ ಒತ್ತಿ ಕೇಳಿದ: "ನೋವೈತಾ?"

ಅವನ ಕಣ್ಣನ್ನೇ ನೋಡಿದೆ. "ಐತ್ರಿ. ಭಾಳ ಐತಿ."

ಗಂಡಿನ ತಾಯಿ ಉಜ್ಜಿನಮ್ಮ ಎಲೆ ಅಡಿಕೆ ತಟ್ಟೆಯಿಂದ ಕೈ ತೆಗೆದಳು. ಸುಳ್ಳು ಹೇಳುವ ಕಷ್ಟವನ್ನೂ ಅವನಿಗೆ ಕೊಡದೆ ನಾನೇ ಹೊತ್ತಿದ್ದೆ. ಅವನು ಸುಮ್ಮನಿದ್ದರೆ ಸಾಕಿತ್ತು.

ಅದೇ ಜಾಗ ಮತ್ತೆ ಒತ್ತಿದ. "ನೋವಿರಕಾಗಲ್ಲ. ನಾರು ಕೂಡೈತೆ, ಊತ ಇಲ್ಲ. ಹುಡ್ಗಿಗೆ ನಾಚಿಕೆ, ಅಷ್ಟೆ."

ಎಲ್ಲರೂ ನಕ್ಕರು. ಅವನೂ ನಕ್ಕ. ಅಂದು ಕಾಲಿನಲ್ಲಿ ಎಲ್ಲ ನೋಡಿದ, ಪಾದದ ಮೇಲಿನ ನಾಡಿ ಮಾತ್ರ ಮುಟ್ಟಲಿಲ್ಲ.

"ಒಂದ್ಸಾರಿ ನಡಿ ತಾಯಿ," ಅಂದಳು ಉಜ್ಜಿನಮ್ಮ.

ಕುಂಟಬಹುದಿತ್ತು. ಆದರೆ ಅವನ ಎದುರಿಗೆ ಕುಂಟಲು ನನ್ನ ಸಿಟ್ಟು ಬಿಡಲಿಲ್ಲ. ಪಡಸಾಲೆಯ ಆ ಗೋಡೆಯವರೆಗೆ ನೆಟ್ಟಗೆ ನಡೆದು, ತಿರುಗಿ ನೋಡಿದೆ. ಅವನು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಹಿಮ್ಮಡಿ ನೋಡುತ್ತಾ, ತನ್ನ ಕೆಲಸ ತನಗೇ ಮೆಚ್ಚಿಗೆಯಾದವನಂತೆ ತಲೆದೂಗುತ್ತಿದ್ದ.